ಅಳಿಸುವ ಅನುಮತಿ

ಅಕ್ಕಾ,

ಎರಡು ದಿನದಿಂದ ಗೋಡೆಯಾಚೆ ನಿನ್ನ ಕೆಮ್ಮು ಕೇಳಿಲ್ಲ. ವಾಸಿಯಾಗಿದೆ ಎಂದುಕೊಂಡು ನೆಮ್ಮದಿಯಾಗಿದ್ದೇನೆ.

ಅಪ್ಪನ ಕಟ್ಟಡ ನಕ್ಷೆಯ ಕಚೇರಿಯನ್ನು ನಾವಿಬ್ಬರೂ ಹಂಚಿಕೊಂಡು ನಡುಗೋಡೆ ಹಾಕಿಸಿದಾಗ ನೆಟ್‌ವರ್ಕನ್ನೂ ಎರಡು ಮಾಡಿಕೊಂಡಿದ್ದೆವಲ್ಲ, ಇವತ್ತು ನೆಟ್‌ವರ್ಕಿನವರನ್ನು ಕರೆಸಿ ನಡುವೆ ದಾರಿ ಬಿಡಿಸಿದೆ. ಅಪ್ಪನ ನಕ್ಷೆಗಳೂ ನನ್ನವೂ ಈಗ ಒಂದೇ ಸರ್ವರ್‌ನಲ್ಲಿವೆ. ನಿನ್ನ ಕಂಪ್ಯೂಟರಿನ ಪಟ್ಟಿಯಲ್ಲಿ ಅದು ತಾನಾಗಿ ಕಾಣಿಸುವುದಿಲ್ಲವಂತೆ. ಈ ಕಾಗದದ ಹಿಂದೆ ಬರೆದಿರುವ ವಿಳಾಸವನ್ನು ನೀನೇ ಟೈಪ್ ಮಾಡಬೇಕು.

“ನಿಮ್ಮ ಅಕ್ಕಂಗೆ ಓದೋಕೆ ಮಾತ್ರ ಬಿಟ್ರೆ ಸಾಕಾ?” ಎಂದು ಅವರು ಕೇಳಿದರು.

“ತಿದ್ದೋಕೂ ಬಿಡಿ, ಅಳಿಸೋಕೂ ಬಿಡಿ,” ಎಂದೆ.

“ಅಳಿಸೋಕೂನಾ? ಇನ್ನೊಂದ್ಸಲ ಯೋಚ್ನೆ ಮಾಡಿ, ಮೇಡಂ.”

ನನಗೆ ನಗು ಬಂತು. ನನ್ನ ಹೋಂವರ್ಕನ್ನು ಅಳಿಸಿ ಅಳಿಸಿ ಪುಸ್ತಕವನ್ನೇ ತೂತು ಮಾಡಿದವಳು ನೀನು ಎಂದು ಅವರಿಗೇನು ಗೊತ್ತು!

ಒಂದು ಕೆಲಸವಿದೆ. ‘ಶಾಲೆ’ ಎಂಬ ಹೆಸರಿನ ನಕ್ಷೆಯಲ್ಲಿ ಮೆಟ್ಟಿಲನ್ನು ಹೇಗೆ ಬರೆದರೂ ಬಾಗಿಲಿಗೆ ಅಡ್ಡ ಬರುತ್ತಿದೆ. ನಾಳೆ ಬೆಳಗ್ಗೆ ಆ ಮೆಟ್ಟಿಲು ಅಲ್ಲಿರದಿದ್ದರೆ, ನೀನು ಬಂದು ಹೋದೆ ಎಂದು ತಿಳಿಯುತ್ತೇನೆ.

ಗೋಡೆಯ ಈಚೆಯಿಂದ,
ನಿನ್ನ ತಂಗಿ