ಹೊಂಗೆಮರದ ತುದಿಗೇರಿದ ನೊರೆ

ಕುಂಟೆ ಮುಚ್ಚಲು ಸಹಿ ಹಾಕಿದ ಮಾನ್ಯ ಅಧಿಕಾರಿಗಳೇ,

ಮಧುಗಿರಿ–ಕೊರಟಗೆರೆ ನಡುವಿನ ಗುಡ್ಡದ ಬುಡದಲ್ಲಿರುವ ಈ ಹಟ್ಟಿಯ ನೀರಿನ ಕುಂಟೆಯನ್ನು ತಾವು ಅರ್ಧ ಮುಚ್ಚಿಸಿದ್ದೀರಿ. ಉಳಿದರ್ಧಕ್ಕೆ ಬರುವ ಸೋಮವಾರ ಮಣ್ಣು ಬೀಳುತ್ತದಂತೆ. ಲಾರಿ ನಿಲ್ಲಿಸಲು ಜಾಗ ಬೇಕು, ನಿಜ. ಆದರೆ ಈ ದೇಶದಲ್ಲಿ ಹಿಂದೆಂದೂ ದಾಖಲಾಗದ ಮರಗಪ್ಪೆಯೊಂದು ಅಲ್ಲಿದೆ, ಕೆಲಸ ನಿಲ್ಲಿಸಿ ಎಂದು ನಾನು ಮೂರು ಅರ್ಜಿ ಕೊಟ್ಟೆ. ತಮ್ಮ ಉತ್ತರ ಒಂದೇ ಸಾಲು: "ಸದರಿ ಕಪ್ಪೆಯು ದೇಶದ ಪಟ್ಟಿಯಲ್ಲಿ ಇಲ್ಲದಿರುವುದರಿಂದ ಕ್ರಮದ ಅಗತ್ಯವಿರುವುದಿಲ್ಲ."

ಸ್ವಾಮೀ, ಹೊಸದಾಗಿ ಸಿಕ್ಕಿದ್ದು ಹಳೆಯ ಪಟ್ಟಿಯಲ್ಲಿ ಹೇಗೆ ಇದ್ದೀತು? ಇಂದು ಬೆಳಿಗ್ಗೆ ಹುಟ್ಟಿದ ಕೂಸಿಗೂ ತಾವು ಮತದಾರರ ಚೀಟಿ ಕೇಳುತ್ತೀರಾ? ಲೋಕ ಕಾಣದವರನ್ನು ಬಾವಿಯೊಳಗಿನ ಕಪ್ಪೆ ಎನ್ನುತ್ತೇವೆ. ಪಟ್ಟಿಯೊಳಗೇ ಕೂತವರನ್ನು ಏನೆನ್ನಬೇಕು?

ನಾನು ಶಿರಾದವಳು, ಇಲ್ಲಿನ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಕಪ್ಪೆ ಹೆಬ್ಬೆರಳಿನಷ್ಟಿದೆ, ತೊಗರಿಬೇಳೆಯ ಬಣ್ಣ. ನೀರಿನ ಮೇಲೆ ಬಾಗಿದ ಹೊಂಗೆಮರದ ಕೊಂಬೆಗೆ ನೊರೆಯ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ಫೋಟೊ, ಅಳತೆ, ಕೂಗಿನ ಧ್ವನಿಮುದ್ರಣ ಎಲ್ಲವನ್ನೂ ಕಪ್ಪೆ ಬಲ್ಲ ವಿಜ್ಞಾನಿಗಳಿಗೆ ಕಳಿಸಿದೆ. ಇದುವರೆಗೆ ಹೊರದೇಶದಲ್ಲಷ್ಟೇ ಕಂಡ ಜಾತಿ ಎಂದರು.

ಕಂಡುಹಿಡಿದೆನೆಂದು ಬೀಗುತ್ತಿದ್ದ ನನ್ನನ್ನು ನೋಡಿ ಕುರಿ ಕಾಯುವ ಕೆಂಚಮ್ಮ ನಕ್ಕುಬಿಟ್ಟರು. "ನೊರೆಗಪ್ಪೆ ಹೊಸದಾ ಮೇಡಮ್ಮ? ನಮ್ಮತ್ತೆ ಕಾಲದಿಂದ ಐತೆ. ನೊರೆ ಎಷ್ಟು ಮೇಲೆ ಕಟ್ತದೋ ನೀರು ಅಲ್ಲಿಗಂಟ ಬರ್ತದೆ. ಅದ ನೋಡ್ಕಂಡೇ ನಾವು ಕಡ್ಲೇಕಾಯಿ ಬಿತ್ತೋದು." ಮರದ ಕಾಂಡದ ಮೇಲೆ ಅವರತ್ತೆ ಕುಡುಗೋಲಿನಿಂದ ಹಾಕಿದ ಗುರುತುಗಳಿವೆ, ಒಂದೊಂದು ಮಳೆಗಾಲಕ್ಕೆ ಒಂದೊಂದು. ಇದು ವಿಜ್ಞಾನವೆಂದು ನಾನು ಪ್ರಮಾಣ ಮಾಡಲಾರೆ. ಕಳೆದ ಮೂರು ವರ್ಷ ನಾನೇ ಅಳೆದೆ. ಗೇಣು ಕೂಡ ಆಚೀಚೆಯಾಗಲಿಲ್ಲ.

ಈ ಸಲ ಗೂಡು ತುದಿಕೊಂಬೆಯಲ್ಲಿದೆ. ಹಳೆಯ ಯಾವ ಗುರುತೂ ಅಷ್ಟು ಮೇಲಿಲ್ಲ. ಕೆಂಚಮ್ಮ ನಗಲಿಲ್ಲ. "ಇಂಗೆ ಯಾವತ್ತೂ ಕಟ್ಟಿರ್ಲಿಲ್ಲ ಕಣಮ್ಮ" ಅಂದವರೇ ಮನೆಗೆ ಹೋಗಿ ಬಿತ್ತನೆ ಬೀಜವನ್ನು ಅಟ್ಟಕ್ಕೇರಿಸಿದರು.

ಗಾರೆ ಕೆಲಸದ ನನ್ನ ತಮ್ಮ ಅಸ್ಲಂನನ್ನು ಕರೆಸಿದೆ. ಗೋಡೆ ಕಟ್ಟುವಾಗ ಮಟ್ಟ ನೋಡುವ ನೀರಿನ ಪೈಪ್ ಹಿಡಿದು, ಗೂಡಿನ ಎತ್ತರವನ್ನು ಕುಂಟೆಯಿಂದ ಅಂಗನವಾಡಿಯವರೆಗೆ ತಂದು, ಗೋಡೆಗೆ ಗೆರೆ ಎಳೆದ. "ಆಪಾ, ಪೈಪ್ ಸುಳ್ಳು ಹೇಳಲ್ಲ. ಕೋಡಿ ಇದ್ದಿದ್ರೆ ನೀರು ಆ ಕಡೆ ಹೋಗ್ತಿತ್ತು. ಈಗ ಇಲ್ಲಿಗೇ ಬರೋದು." ಹೆಚ್ಚಿನ ನೀರು ಹರಿದುಹೋಗುವ ಆ ಕೋಡಿಯನ್ನೇ ತಾವು ಮೊದಲು ಮುಚ್ಚಿಸಿದ್ದು.

ನನಗೆ ಹೆದರಿಕೆಯಾಗಿದೆ, ಮಾನ್ಯರೇ. ಗುಡ್ಡದ ಮೇಲೆ ಮೋಡ ಕಂಡರೆ ಪಾಠ ನಿಲ್ಲಿಸಿ ಕಿಟಕಿಗೆ ಹೋಗುತ್ತೇನೆ.

ಸೋಮವಾರ ಬರುವ ಮಣ್ಣಿನ ಲಾರಿ ತಡೆಯಿರಿ. ಮಳೆಗೆ ಮುಂಚೆ ಕೋಡಿ ತೆರೆಸಿ. ಕಪ್ಪೆಯನ್ನು ಪಟ್ಟಿಗೆ ಸೇರಿಸುವುದು ಆಮೇಲೆ ನೋಡೋಣ. ಇದಕ್ಕೂ ಪುರಾವೆ ಬೇಕೆಂದರೆ ಅಂಗನವಾಡಿಗೆ ಬಂದು ಆ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಹತ್ತೊಂಬತ್ತು ಮಕ್ಕಳ ಎತ್ತರ ಅಳೆಯುವ ಗೋಡೆಯೂ ಅದೇ. ಅಸ್ಲಂ ಎಳೆದ ಗೆರೆ ತಮ್ಮ ಎದೆಗೆ ಬಂದೀತು. ಮಕ್ಕಳಲ್ಲಿ ಎಲ್ಲರಿಗಿಂತ ಎತ್ತರದವಳ ತಲೆಗಿಂತ ಅದು ಒಂದು ಗೇಣು ಮೇಲಿದೆ.

ಇಂತಿ,
ತಾನು ಕಂಡ ಕಪ್ಪೆಯ ಲೆಕ್ಕ ತಪ್ಪಾಗಲೆಂದು ಬೇಡಿಕೊಳ್ಳುತ್ತಿರುವ
ಯಾಸ್ಮಿನ್, ಜೀವಶಾಸ್ತ್ರ ಶಿಕ್ಷಕಿ