ಪೆಟ್ಟಿಗೆ ತರಬೇಕಾದ ಮಗಳಿಗೆ

ಕೇಪ್ ಕೋಸ್ಟ್
ಭಾನುವಾರ, ೧೪ ಆಗಸ್ಟ್ ೧೯೯೪

ಪ್ರೀತಿಯ ಅರಬಾ,

ನೀನು, ನಿನ್ನ ಗಂಡ, ಮಕ್ಕಳು ಎಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಮಂಡಿ ನೋವೊಂದನ್ನು ಬಿಟ್ಟರೆ ನಾನೂ ಚೆನ್ನಾಗಿದ್ದೇನೆ. ಕಾಗದ ತಡವಾಯಿತು, ಕ್ಷಮಿಸು ಎಂದು ಶುರು ಮಾಡುವುದು ಪದ್ಧತಿ. ಆದರೆ ಯಾರು ಯಾರನ್ನು ಕ್ಷಮಿಸಬೇಕು ಅನ್ನುವುದನ್ನು ಮೊದಲು ತೀರ್ಮಾನ ಮಾಡೋಣ. ಮೇ ತಿಂಗಳಲ್ಲಿ ಒಂದು ತಂತಿ ಕಳಿಸಿದೆ, ಜೂನಿನಲ್ಲಿ ಇನ್ನೊಂದು. ನಿನ್ನಿಂದ ಬಂದದ್ದು ಒಂದೇ ಸಾಲು: ‘ಬಹಳ ದುಃಖವಾಯಿತು, ನನಗಾಗಿ ಕಾಯಬೇಡಿ.’ ನಮ್ಮ ಮೇಷ್ಟ್ರು ಇದ್ದಿದ್ದರೆ ಅದರ ಕೆಳಗೆ ಕೆಂಪು ಗೆರೆ ಎಳೆದು, ‘ಈ ಹುಡುಗಿಗೆ ಹೇಳೋಕೆ ಏನೋ ಇದೆ, ಹೇಳ್ತಾ ಇಲ್ಲ’ ಎಂದು ಬರೆಯುತ್ತಿದ್ದರು.

ಸರಿ, ವಿಷಯಕ್ಕೆ ಬರುತ್ತೇನೆ. ನಮ್ಮ ಮೇಷ್ಟ್ರು ಪ್ರೊಫೆಸರ್ ಎಸಿಲ್ಫಿ ತೀರಿಕೊಂಡದ್ದು ಮೇ ತಿಂಗಳಲ್ಲಿ. ಈಗ ಆಗಸ್ಟ್ ಅರ್ಧ ಕಳೆಯಿತು. ಇನ್ನೂ ಮಣ್ಣಾಗಿಲ್ಲ. ಫ್ಯಾನಿನ ಗಾಳಿ ಸ್ವಲ್ಪ ಜೋರಾದರೆ ಟವೆಲ್ ಹೊದ್ದು ಪಾಠ ಮಾಡುತ್ತಿದ್ದ ಮನುಷ್ಯ ಆಸ್ಪತ್ರೆಯ ಐಸು ಕೋಣೆಯಲ್ಲಿ ಮಲಗಿದ್ದಾರೆ. ನಮ್ಮೂರಿನಲ್ಲಿ ಹೆಣ ಕಾಯಿಸುವುದು ಹೊಸದೇನಲ್ಲ, ಗೊತ್ತು. ಶಾಮಿಯಾನ, ಬ್ಯಾಂಡು, ಗೋಡೆಗೆ ಅಂಟಿಸುವ ಫೋಟೋ ಎಲ್ಲ ಹೊಂದುವವರೆಗೆ ಸತ್ತವರಿಗೂ ಬಿಡುವಿಲ್ಲ. ಆದರೆ ಇದು ಆ ಕಾಯುವಿಕೆ ಅಲ್ಲ. ಇದಕ್ಕೆಲ್ಲ ಕಾರಣ ನಿನ್ನ ಕ್ಲಾಸ್‌ಮೇಟ್ ಫೀಫಿಯ ಬಾಯಿ.

ಫೀಫಿ ಈಗ ದೊಡ್ಡ ಲಾಯರು, ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಅಧ್ಯಕ್ಷ ಬೇರೆ. ಸತ್ತ ಏಳನೇ ದಿನ ಮೇಷ್ಟ್ರ ಮನೆಯ ಮುಂದೆ ಕುರ್ಚಿ ಹಾಕಿ ಎಲ್ಲರೂ ಸೇರಿದ್ದೆವು. ಅವರ ಕುಲದ ಯಜಮಾನರು ಎಗ್ಯ ಅರ್ಹಿನ್, ಎಲ್ಮಿನಾದ ಮುದುಕ, ನಡುವೆ ಕೂತಿದ್ದರು. ಅವರು ಯಾವತ್ತೂ ಅರ್ಧ ಕಣ್ಣು ಮುಚ್ಚಿಕೊಂಡೇ ಇರುತ್ತಾರೆ, ಆದರೆ ಒಂದು ಮಾತೂ ಅವರ ಕಿವಿ ತಪ್ಪುವುದಿಲ್ಲ. ಫೀಫಿ ಎದ್ದು ಇಂಗ್ಲಿಷಿನಲ್ಲಿ ಭಾಷಣ ಬಿಗಿದ. ‘ನಮ್ಮ ಗುರುಗಳಿಗೆ ಮಕ್ಕಳಿರಲಿಲ್ಲ ಅಂತ ಯಾರು ಹೇಳಿದ್ದು? ನಾವೆಲ್ಲ ಅವರ ಮಕ್ಕಳು!’ ಹೋ ಎಂದು ಚಪ್ಪಾಳೆ. ಅಲ್ಲಿಗೆ ಕೂತಿದ್ದರೆ ಮುಗಿಯುತ್ತಿತ್ತು. ಸತ್ತವರ ಮೇಲೆ ಇಂಗ್ಲಿಷಿನಲ್ಲಿ ಏನು ಹೇಳಿದರೂ ಇಲ್ಲಿ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಈ ಪುಣ್ಯಾತ್ಮ ಹಿರಿಯರಿಗೂ ತಿಳಿಯಲಿ ಎಂದು ಅದನ್ನೇ ನಮ್ಮ ಫಾಂಟಿ ಭಾಷೆಯಲ್ಲಿ ಮತ್ತೊಂದು ಸಲ ಹೇಳಿದ.

ಎಗ್ಯ ಗ್ಲಾಸು ಕೆಳಗಿಟ್ಟರು. ‘ಏನಂದ್ರಿ ಲಾಯರ್ರೇ? ಮಕ್ಕಳು ಅಂದ್ರಾ?’

‘ಹೌದು ಎಗ್ಯ, ಮಕ್ಕಳೇ!’

‘ಹೆತ್ತ ಮಕ್ಕಳ ಹಾಗೆ?’

‘ಅದಕ್ಕಿಂತ ಒಂದು ಕೈ ಹೆಚ್ಚೇ ಅನ್ನಿ!’

‘ಸಂತೋಷ ಕಣಪ್ಪ. ಹಾಗಾದ್ರೆ ಪೆಟ್ಟಿಗೆ ನಿಮ್ಮದು’ ಎಂದವರೇ ನೆಲಕ್ಕೆ ಜಿನ್ ಹೊಯ್ದು, ಕುಲದ ಪಿತೃಗಳನ್ನೆಲ್ಲ ಹೆಸರು ಹಿಡಿದು ಸಾಕ್ಷಿಗೆ ಕರೆದುಬಿಟ್ಟರು. ಫೀಫಿಯ ಮುಖ ನೋಡಬೇಕಿತ್ತು ನೀನು.

ಬೋಟ್ಸ್ವಾನಾದ ನೀರು ಕುಡಿದು ನಿನಗೆ ಮರೆತಿದ್ದರೆ ಜ್ಞಾಪಿಸುತ್ತೇನೆ. ನಮ್ಮಲ್ಲಿ ಸತ್ತವನ ದೇಹ ತಾಯಿಯ ಕುಲದವರದ್ದು, ಪೆಟ್ಟಿಗೆ ಮಾತ್ರ ಮಕ್ಕಳದ್ದು. ಹಿರಿಯ ಮಗನೋ ಮಗಳೋ ಮುಂದೆ ನಿಂತು, ‘ಅಪ್ಪಾ, ಇಗೋ ನಿನ್ನ ಮನೆ’ ಎಂದು ಕೈಯಾರೆ ಒಪ್ಪಿಸಬೇಕು. ಮೇಷ್ಟ್ರ ಕುಲದಲ್ಲಿ ಇನ್ನೊಂದು ಕಟ್ಟಳೆಯೂ ಉಂಟಂತೆ. ಮಕ್ಕಳಿಲ್ಲದವನಿಗೆ ಕುಲದವರೇ ಪೆಟ್ಟಿಗೆ ತಂದು, ಮಣ್ಣು ಹಾಕುವ ಮುಂಚೆ ‘ಇವನು ಹಿಂದೆ ಯಾರನ್ನೂ ಬಿಟ್ಟು ಹೋಗಲಿಲ್ಲ’ ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿ ಹೇಳುತ್ತಾರೆ. ನಮ್ಮ ಮೇಷ್ಟ್ರಿಗೆ ಆ ಕೂಗು! ಅರ್ಧ ಜಿಲ್ಲೆಗೆ ಮಾತು ಕಲಿಸಿದವರಿಗೆ!

ಅವರು ಅದನ್ನು ಕೇಳಿದ್ದರೆ ನಗುತ್ತಿದ್ದರೋ ಏನೋ. ಯಾವುದಕ್ಕೆ ನಗುತ್ತಾರೆ ಎಂದು ಆ ಮನುಷ್ಯನ ವಿಷಯದಲ್ಲಿ ಹೇಳುವ ಹಾಗೇ ಇರಲಿಲ್ಲ. ನಾವು ಎರಡನೇ ವರ್ಷದಲ್ಲಿದ್ದಾಗ ಅಪ್ಪನ ಆಸ್ತಿಗಾಗಿ ಅಣ್ಣತಮ್ಮಂದಿರು ಕತ್ತಿ ಹಿರಿಯುವ ನಾಟಕ ಪಾಠ ಮಾಡುತ್ತಿದ್ದರಲ್ಲ, ಆಗ ಒಂದು ದಿನ ಮೀನು ಕೊಳ್ಳಲು ನಮ್ಮಮ್ಮನ ಅಂಗಡಿಗೆ ಹೋಗಿ, ಬುಟ್ಟಿ ಪಕ್ಕಕ್ಕಿಟ್ಟು ಇಡೀ ಕಥೆ ಫಾಂಟಿಯಲ್ಲಿ ಹೇಳಿದರಂತೆ. ಸುತ್ತಲಿನ ಮೀನಿನ ಹೆಂಗಸರೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದರು. ಕೊನೆಯಲ್ಲಿ ನಮ್ಮಮ್ಮ, ‘ಎಲ್ಲ ಸರಿ ಮೇಷ್ಟ್ರೇ, ಅಪ್ಪನ ಆಸ್ತಿ ಮಕ್ಕಳಿಗೆ ಹೇಗೆ ಬರುತ್ತೆ? ಆ ಮುದುಕನಿಗೆ ಸೋದರಳಿಯಂದ್ರು ಇರ್ಲಿಲ್ವಾ? ಅವರನ್ನ ಕರೆಸಿದ್ರೆ ಒಂದು ಹೊತ್ತಿನಲ್ಲಿ ಮುಗೀತಿತ್ತಪ್ಪ’ ಎಂದಳು. ಮರುದಿನ ತರಗತಿಯಲ್ಲಿ ಅದನ್ನು ಹೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ‘ಎಕುವಳ ತಾಯಿಯ ಪ್ರಶ್ನೆಗೆ ಉತ್ತರ ಬರ್ಕೊಂಡು ಬನ್ನಿ’ ಎಂದರು. ನಾನು ನಾಚಿಕೆಯಿಂದ ಬೆಂಚಿನ ಕೆಳಗೆ ಹೋಗಿದ್ದೆ. ನೀನು ನಾಲ್ಕು ಪುಟ ಬರೆದು ಹೊಗಳಿಸಿಕೊಂಡೆ. ಅಮ್ಮ ನನ್ನವಳು, ಶಹಬ್ಬಾಸ್‌ಗಿರಿ ನಿನಗೆ.

ಇರಲಿ. ಎಗ್ಯ ಒಂದು ಷರತ್ತು ಹಾಕಿದರು. ‘ಮಕ್ಕಳು ನೂರು ಜನ ಇರ್ಲಿ, ನನಗೆ ಬೇಡ ಅನ್ನೋಕೆ ಏನಿದೆ. ಹಿರಿಯರು ಯಾರು? ಒಬ್ಬರ ಹೆಸರು ಹೇಳಿ. ಅವರು ಬಂದು ಪೆಟ್ಟಿಗೆ ಒಪ್ಪಿಸ್ಲಿ, ಅವತ್ತೇ ಮಣ್ಣು ಮಾಡೋಣ.’ ಸುಲಭದ ಮಾತು ಅಂದುಕೊಂಡೆಯಾ? ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಜೂನ್ ಇಡೀ ಸಭೆ, ಜುಲೈ ಇಡೀ ಸಭೆ, ನಾನು ನಡೆಸುವ ಶಾಲೆಯ ಊಟದ ಹಾಲ್‌ನಲ್ಲೇ. ಸೋಡಾ ಬಾಟಲಿಗಳನ್ನು ಗುಡಿಸಿ ಗುಡಿಸಿ ನಮ್ಮ ಆಯಾ ಕೆಲಸ ಬಿಡುತ್ತೇನೆ ಅನ್ನುತ್ತಿದ್ದಾಳೆ.

ಮೊದಲು ಪೆಟ್ಟಿಗೆ ಹೇಗಿರಬೇಕು ಎಂದು ಜಗಳ. ಅಕ್ರಾದ ಕಡೆ ಮೀನು, ವಿಮಾನ, ಕೋಕೋ ಕಾಯಿ ಆಕಾರದಲ್ಲಿ ಮಾಡುತ್ತಾರಲ್ಲ, ಹಾಗೆ ತೆರೆದ ಪುಸ್ತಕದ ಆಕಾರದಲ್ಲಿ ಮಾಡಿಸಬೇಕು ಎಂದು ಫೀಫಿಯ ಹಟ. ತೆರೆದ ಪುಸ್ತಕವಾದರೆ ಮುಚ್ಚಳ ಹಾಕುವುದು ಎಲ್ಲಿಗೆ ಎಂದು ನಾನು ಕೇಳಿದೆ. ಅದಕ್ಕೊಂದು ಉಪಸಮಿತಿ ಮಾಡಿದರು. ಆಮೇಲೆ ಹಿರಿಯರು ಯಾರು ಅನ್ನುವ ಜಗಳ. ಕಸ್ಟಮ್ಸ್‌ನಿಂದ ನಿವೃತ್ತನಾದ ಅಮಿಸಾ, ಎಂಥ ಹೊಟ್ಟೆ ಬಂದಿದೆ ಗೊತ್ತಾ ಅವನಿಗೆ, ಎದ್ದು ನಿಂತು, ‘ಮೇಷ್ಟ್ರು ಕೆಲಸಕ್ಕೆ ಸೇರಿದ ವರ್ಷವೇ ನಾನು ಅವರ ಕ್ಲಾಸಿಗೆ ಸೇರಿದ್ದು. ನಾನೇ ಹಿರಿಮಗ’ ಎಂದ.

‘ಅವರ ಪೇಪರಿನಲ್ಲೇ ಎರಡು ಸಲ ಫೇಲಾದವನು ನೀನು’ ಅಂದ ಫೀಫಿ.

‘ಫೇಲಾದ್ರೆ ಮಗ ಅಲ್ವಾ? ನಿಮ್ಮ ಮನೇಲಿ ಫೇಲಾದ ಮಕ್ಕಳನ್ನ ಬೀದಿಗೆ ಬಿಡ್ತೀರಾ? ಅವರ ಹತ್ರ ಎಲ್ಲರಿಗಿಂತ ಜಾಸ್ತಿ ದಿನ ಕೂತವನು ನಾನೇ!’

ಅಕ್ರಾದಿಂದ ಬಂದವರು ಅಂಕ ನೋಡಬೇಕು ಎಂದರು, ಪಾದ್ರಿಯಾದವನೊಬ್ಬ ಚೀಟಿ ಎತ್ತೋಣ ಎಂದ. ಅರಬಾ, ಇವರೆಲ್ಲ ಈ ದೇಶ ನಡೆಸುವವರು. ನನ್ನ ಎಂಟನೇ ತರಗತಿಯ ಹುಡುಗಿಯರು ಇದಕ್ಕಿಂತ ಚೆನ್ನಾಗಿ ಸಭೆ ಮಾಡುತ್ತಾರೆ.

ಕಳೆದ ಶನಿವಾರ ಎಗ್ಯ ಅರ್ಹಿನ್ ತಾವೇ ಕೋಲೂರಿಕೊಂಡು ಬಂದರು. ‘ನಿಮ್ಮ ಗಲಾಟೆ ಎಲ್ಮಿನಾದವರೆಗೆ ಕೇಳ್ತಿದೆ. ವಯಸ್ಸು ಬೇಡ, ಮಾರ್ಕೂ ಬೇಡ. ಅವನು ಬದುಕಿದ್ದಾಗ ತನ್ನ ಬಾಯಿಂದ ‘ನನ್ನ ಮಗ’, ‘ನನ್ನ ಮಗಳು’ ಅಂತ ಯಾರನ್ನ ಅಂದಿದ್ದ? ಅವರೇ ಪೆಟ್ಟಿಗೆ ತರ್ಲಿ. ಯಾರನ್ನೂ ಅಂದಿಲ್ಲ ಅಂದ್ರೆ ಅದನ್ನೂ ಹೇಳಿಬಿಡಿ, ನಾವೇ ತರ್ತೀವಿ’ ಎಂದರು. ವಿಚಾರಣೆ ಆಯಿತು, ನಿನ್ನ ಹೆಸರು ಬಂತು. ಮತ್ತೆ ಜಿನ್ ಹೊಯ್ದು ನಿನ್ನ ಹೆಸರು ಹೇಳಿದ್ದಾರೆ. ಒಮ್ಮೆ ಹೇಳಿದ ಹೆಸರನ್ನು ಬದಲಿಸುವಂತಿಲ್ಲ. ಸೆಪ್ಟೆಂಬರ್ ೨೪, ಶನಿವಾರ. ನೀನು ಬಂದರೆ ಅವರು ಅಪ್ಪನಾಗಿ ಮಣ್ಣಿಗೆ ಹೋಗುತ್ತಾರೆ. ಬರದಿದ್ದರೆ ಆ ಕೂಗು ಕೂಗುತ್ತಾರೆ. ಇನ್ನು ನಿನಗೆ ಬಿಟ್ಟದ್ದು ಎಂದು ಬರೆಯಬೇಕು, ಆದರೆ ಬರೆಯುವುದಿಲ್ಲ. ನಿನಗೆ ಬಿಟ್ಟದ್ದಲ್ಲ, ನೀನು ಬರಬೇಕು ಅಷ್ಟೇ.

ನೀನು ಯಾಕೆ ಬರುತ್ತಿಲ್ಲ ಎಂದು ನನಗೆ ಗೊತ್ತಿಲ್ಲವೆಂದು ತಿಳಿಯಬೇಡ. ಎಂಬತ್ತಮೂರರ ಹಸಿವಿನ ವರ್ಷ, ಕ್ರಿಸ್ಮಸ್ ರಜೆಗೆ ಹೋಗಿ ಬರುತ್ತೇನೆ ಅಂದವಳು ಬೋಟ್ಸ್ವಾನಾದಿಂದ ಕಾಲೇಜಿನ ಕೆಲಸಕ್ಕೆ ರಾಜೀನಾಮೆ ಕಳಿಸಿದೆ, ಅದೂ ಮೇಷ್ಟ್ರಿಗಲ್ಲ, ಆಫೀಸಿಗೆ. ಅವರು ತಮ್ಮ ಕುರ್ಚಿಗೆ ನಿನ್ನನ್ನು ಸಿದ್ಧ ಮಾಡುತ್ತಿದ್ದರು. ಆ ನಾಚಿಕೆಯನ್ನು ಹನ್ನೊಂದು ವರ್ಷದಿಂದ ಉಪ್ಪಿನಕಾಯಿ ಹಾಕಿಟ್ಟುಕೊಂಡು ಕೂತಿದ್ದೀಯ. ಅವರಿಗೆ ಕೋಪವೇ ಇರಲಿಲ್ಲ ಕಣೇ! ಸ್ಟಾಫ್ ರೂಮಿನಲ್ಲಿ ಯಾರೋ ನಿನ್ನ ಬಗ್ಗೆ ಕೊಂಕು ಆಡಿದಾಗ, ‘ಹಸಿದವಳು ಅನ್ನ ಇರೋ ಕಡೆ ಹೋದ್ಲು. ಇದಕ್ಕೇನು ವ್ಯಾಖ್ಯಾನ ಬೇಕೇನ್ರೀ?’ ಎಂದು ಅವರ ಬಾಯಿ ಮುಚ್ಚಿಸಿದ್ದರು. ಎದುರಿಗೆ ಬಂದು ಒಂದು ಸಲ ಬೈಸಿಕೊಂಡಿದ್ದರೆ ನಿನಗೂ ಹಗುರವಾಗುತ್ತಿತ್ತು. ಬೈಯಲು ಅವರಿಗೆ ಎಷ್ಟು ಇಷ್ಟ ಎಂದು ನಿನಗೆ ಗೊತ್ತೇ ಇದೆ.

ಕೊನೆಕೊನೆಗೆ ಅವರ ಕಣ್ಣು ಪೂರ್ತಿ ಹೋಗಿತ್ತು. ಶಾಲೆ ಮುಗಿಸಿ ಹೋಗಿ ನಾನೇ ಪೇಪರ್ ಓದಿ ಹೇಳುತ್ತಿದ್ದೆ. ಸುದ್ದಿ ಯಾವುದಾದರೂ ಸರಿ, ಅವರಿಗೆ ಬೇಕಾದದ್ದು ನನ್ನ ಉಚ್ಚಾರಣೆಯ ತಪ್ಪು. ಸಾಯುವ ವಾರ, ಉಸಿರಾಡಲು ಕಷ್ಟಪಡುತ್ತಾ, ‘ಮತ್ತೊಂದು ಸಲ ಹೇಳಿ. ಒತ್ತು ಮುಂದೆ, ಒತ್ತು ಮುಂದೆ’ ಎಂದು ಕೈ ಬೀಸುತ್ತಿದ್ದರು. ಡಾಕ್ಟರು ಉಪ್ಪು, ಖಾರ ಬಿಡಿ ಅಂದರೆ, ದಿಂಬಿನ ಕೆಳಗೆ ಮೆಣಸಿನಕಾಯಿ ಚಟ್ನಿಯ ಬಾಟಲಿ ಇಟ್ಟುಕೊಂಡು ನಾನು ತಂದ ಸಪ್ಪೆ ಕೆಂಕಿಗೆ, ಆ ಜೋಳದ ಮುದ್ದೆಗೆ, ಹಚ್ಚಿಕೊಂಡು ತಿಂದರು. ಕಿತ್ತುಕೊಂಡೆ. ಇನ್ನೊಂದು ತರಿಸಿದರು. ನಾನು ಬೈದೆ, ಅವರು ಬೈದರು, ಮಾರನೇ ದಿನ ಹೋದೆ. ಈಗ ಸಂಜೆ ಶಾಲೆ ಬಿಟ್ಟ ಮೇಲೆ ಎಲ್ಲಿಗೆ ಹೋಗಬೇಕು ಅನ್ನುವುದೇ ತಿಳಿಯುವುದಿಲ್ಲ.

ಟಿಕೆಟ್ ಸಿಕ್ಕ ಕೂಡಲೇ ತಂತಿ ಕೊಡು. ಅಕ್ರಾಗೆ ಕಾರು ತರುತ್ತೇನೆ. ಪೆಟ್ಟಿಗೆ ಸಾದಾ ಮರದ್ದು, ನಾಲ್ಕು ಮೂಲೆಯದ್ದು, ನಾನೇ ಹೇಳಿ ಮಾಡಿಸಿದೆ. ಉಪಸಮಿತಿ ಇನ್ನೂ ಮುಚ್ಚಳದ ಬಗ್ಗೆ ಯೋಚಿಸುತ್ತಿದೆ, ಯೋಚಿಸಲಿ. ನೀನು ಕೈ ಮುಟ್ಟಿಸಿ ಒಪ್ಪಿಸಿದರೆ ಸಾಕು.

ದೇವರು ನಿನ್ನನ್ನು ದಾರಿಯುದ್ದಕ್ಕೂ ಕಾಪಾಡಲಿ. ನಿನ್ನ ಮಕ್ಕಳಿಗೆ ಮೇಷ್ಟ್ರ ನಾಲಗೆ ಕೊಡಲಿ, ಅವರ ಹಟ ಬೇಡ. ನಿನ್ನ ಗಂಡನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನನ್ನು ಕಳಿಸಿಕೊಡದಿದ್ದರೆ ತಿಳಿಸಬೇಡ.

ನಿನ್ನ
ಎಕುವ

ಮರೆತ ಮಾತು: ನಿನ್ನ ಹೆಸರು ಹೇಗೆ ಬಂತು ಎಂದು ಫೀಫಿ ಬರೆದೇ ಬರೆಯುತ್ತಾನೆ, ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಅದಕ್ಕೆ ನಾನೇ ಹೇಳಿಬಿಡುತ್ತೇನೆ. ಎಗ್ಯ ಹಾಗೆ ಕೇಳಿದಾಗ ಎಲ್ಲರೂ ನನ್ನ ಕಡೆ ತಿರುಗಿದರು. ‘ಇದರಲ್ಲಿ ಕೇಳೋದೇನಿದೆ? ಎಕುವ ಇದ್ದಾಳಲ್ಲ! ಇಷ್ಟು ವರ್ಷ ದಿನಾ ಊಟ ಹೊತ್ತವಳು ಯಾರು?’ ಎಂದ ಫೀಫಿ. ಅಮಿಸಾ ಕೂಡ ತಲೆಯಾಡಿಸಿದ. ಎಗ್ಯ ನನ್ನನ್ನೇ ನೋಡಿ, ‘ಏನಮ್ಮಾ, ನಿನ್ನನ್ನ ಮಗಳು ಅಂದಿದ್ನಾ?’ ಎಂದರು.

ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಲ್ಲ ಅನ್ನುವವರು ಯಾರೂ ಇರಲಿಲ್ಲ. ಅರಬಾ, ನಾನು ಊಟ ತಗೊಂಡು ಹೋದಾಗಲೆಲ್ಲ ಅವರು ಎದ್ದು ಕೂತು, ‘ಬನ್ನಿ ಹೆಡ್‌ಮಿಸ್ಟ್ರೆಸ್, ತೊಂದರೆ ತಗೊಂಡ್ರಿ’ ಅನ್ನುತ್ತಿದ್ದರು. ಆಸ್ಪತ್ರೆಯಲ್ಲಿ ನಾನು ಸೂಪು ಕುಡಿಸುತ್ತಿದ್ದಾಗ ನರ್ಸು, ‘ಮಗಳಾ?’ ಎಂದು ಕೇಳಿದಳು. ‘ಅಲ್ಲಮ್ಮ, ಇವರು ಹೆಡ್‌ಮಿಸ್ಟ್ರೆಸ್ಸು, ದೊಡ್ಡ ಮನಸ್ಸು ಇವರದ್ದು. ನನ್ನ ಮಗಳು ಬೋಟ್ಸ್ವಾನಾದಲ್ಲಿದ್ದಾಳೆ’ ಎಂದರು. ಚಮಚ ನನ್ನ ಕೈಯಲ್ಲೇ ಇತ್ತು. ಅದಕ್ಕೇ ಸಭೆಯಲ್ಲಿ, ‘ಇಲ್ಲ ಎಗ್ಯ, ಅರಬಾನ ಅಂದಿದ್ರು’ ಎಂದೆ. ಅವರ ಹೆಸರಿನಲ್ಲಿ ಸುಳ್ಳು ಹೇಳಲು ಬಾಯಿ ಬರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿದೆ ಕಣೇ, ಮುಚ್ಚಿಡುವುದಿಲ್ಲ. ಒಂದು ಸಲ ಅಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಅವತ್ತು ಮಗಳಾದವಳು ಕೆಂಪು ಉಡಬೇಕು, ನಾವು ಉಳಿದವರೆಲ್ಲ ಕಪ್ಪು. ನಿನ್ನ ಕೆಂಪು ಬಟ್ಟೆ ಹೊಲಿಸಿಟ್ಟಿದ್ದೇನೆ. ನಿನ್ನ ಅಳತೆ ನನ್ನ ಹತ್ತಿರ ಇರಲಿಲ್ಲ. ಕಾಲೇಜಿನಲ್ಲಿ ಒಬ್ಬರ ಬಟ್ಟೆ ಒಬ್ಬರು ಹಾಕಿಕೊಳ್ಳುತ್ತಿದ್ದೆವಲ್ಲ ಎಂದು ನನ್ನದನ್ನೇ ಕೊಟ್ಟೆ. ನಿನ್ನೆ ಮನೆಗೆ ತಂದು, ಬಾಗಿಲು ಹಾಕಿಕೊಂಡು ಒಂದು ಸಲ ತೊಟ್ಟು ನೋಡಿದೆ. ನನಗೆ ಸರಿಯಾಗಿ ಕೂತಿದೆ. ನಿನಗೆ ಬಿಗಿಯಾದರೆ ಬಿಚ್ಚಿ ಹೊಲಿಸೋಣ, ಒಳಗೆ ಬಟ್ಟೆ ಬಿಡಿಸಿದ್ದೇನೆ.