ಗುಡುಗು ರೇಡಿಯೊ ಕದ್ದವರಿಗೆ

ಹುಬ್ಬಳ್ಳಿ, ೨೧೮೮ನೆಯ ಇಸವಿ, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ.

ಶಶಿಕಾಂತ ಹಂಚಿನಾಳ ಅವರಿಗೆ,

ಬೇಸಿಗೆ ಉದ್ದವಾದ ಮೇಲೆ ನಮಗೆ ಹದಿಮೂರನೆಯ ತಿಂಗಳೊಂದು ಬೇಕಾಯಿತು. ನನ್ನ ಮಾತು ವಿಚಿತ್ರವೆನಿಸಿದರೆ ಅದಕ್ಕಷ್ಟೇ ಕ್ಷಮೆ ಕೇಳುತ್ತೇನೆ, ಮಿಕ್ಕಿದ್ದಕ್ಕಲ್ಲ. ಇದು ಹಿನ್ನಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆಯಲ್ಲಿ, ೨೦೩೧ಕ್ಕೆ ನಿಮ್ಮ ಮನೆ ಸೇರುತ್ತದೆ. ನಾನು ರೂತ್ ಕಟ್ಟಿಮನಿ, ಎಸ್ತೇರ ಕಟ್ಟಿಮನಿಯ ತಮ್ಮನ ವಂಶದವಳು. ಊರಿನ ದನಿಮನೆಯನ್ನು ನೋಡಿಕೊಳ್ಳುತ್ತೇನೆ. ಸತ್ತವರ ಧ್ವನಿಗಳನ್ನು ಕಾಪಾಡುವ ಕಟ್ಟಡವದು.

ಗುಡುಗು ರೇಡಿಯೊದ ಚರಿತ್ರೆ ನಿಮಗೆ ಗೊತ್ತು, ಆದರೂ ಹೇಳುತ್ತೇನೆ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಎಸ್ತೇರ ಕೇಶ್ವಾಪುರದ ಹಳೆಯ ಗ್ಯಾರೇಜೊಂದರಲ್ಲಿ ಅದನ್ನು ಶುರುಮಾಡಿದಳು. ಗೋಡೆಗೆ ಗೋಣಿತಾಟು ಹೊಡೆದರೆ ಸ್ಟುಡಿಯೊ ಆಯಿತು. ಕಬ್ಬಿಣ ಬಡಿಯುವ ಗೆಳೆಯರೇ ಡ್ರಮ್ಮು, ಗಿಟಾರು ಹಿಡಿದು ಹುಬ್ಬಳ್ಳಿ ಮಾತಿನಲ್ಲಿ ರಾಕ್ ಹಾಡಿದರು. ಬೆಳಿಗ್ಗೆ ಆರಕ್ಕೆ ಅವಳ ಒರಟು ದನಿ "ಏಳ್ರೋ, ಇವತ್ತೂ ಬದುಕೀವಿ!" ಎಂದು ಕೂಗಿದರೆ ಚಹಾದಂಗಡಿಗಳಲ್ಲಿ ಜನ ಮಾತು ನಿಲ್ಲಿಸುತ್ತಿದ್ದರು. ನಿಮ್ಮನ್ನು ಮೈಕಿನ ಮುಂದೆ ಕೂರಿಸಿ ಮಾತು ಕಲಿಸಿದವಳೂ ಅವಳೇ.

ರೇಡಿಯೊ ಶುರುವಾದ ಹದಿನಾರನೆಯ ವರ್ಷ ಅವಳ ಗಂಟಲಿಗೆ ಕ್ಯಾನ್ಸರ್ ಬಂತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆ ತೆಗೆದರು. ಅವಳು ವಾರ್ಡಿನಲ್ಲಿ ರೇಡಿಯೊ ಕಿವಿಗಿಟ್ಟುಕೊಂಡು ಮಲಗಿದ್ದಾಗ ನೀವು ಮೈಕಿನಲ್ಲಿ ಹೇಳಿದಿರಿ: "ಎಸ್ತೇರಕ್ಕ ತಾವಾಗೇ ಬಿಟ್ಟು ಹೋಗ್ಯಾರ. ಗುಡುಗು ಕಟ್ಟಿದಾಂವ ನಾನು, ನಡಸಾಂವನೂ ನಾನು." ಅವಳು ಬಾಯಿ ತೆರೆದಳಂತೆ, ಕತ್ತಿನ ತೂತಿನಿಂದ ಗಾಳಿ ಮಾತ್ರ ಬಂತು. ತಿಂಗಳೊಳಗೆ ನೀವು ರಾಕ್ ನಿಲ್ಲಿಸಿ, ಕೇಂದ್ರವನ್ನು ಜಾಹೀರಾತಿನ ಕಂಪನಿಯೊಂದಕ್ಕೆ ಒಪ್ಪಿಸಿ, ಹಳೆಯ ಧ್ವನಿಮುದ್ರಣಗಳನ್ನೆಲ್ಲ ಅಳಿಸಿದಿರಿ.

ಒಂದು ಉಳಿದಿತ್ತು. ಡ್ರಮ್ಮು ಬಾರಿಸುತ್ತಿದ್ದ ಮೆಹಬೂಬ ಅದನ್ನು ಟ್ರಂಕಿನಲ್ಲಿ ಬಚ್ಚಿಟ್ಟಿದ್ದ, ಕೈಯಿಂದ ಕೈಗೆ ದಾಟಿ ಅದು ದನಿಮನೆ ಸೇರಿತು. ರೆಕಾರ್ಡಿಂಗ್ ನಿಲ್ಲಿಸಲು ಮರೆತು ನೀವು ಕಂಪನಿಯವರೊಡನೆ ಫೋನಿನಲ್ಲಿ ನಗುತ್ತಾ ಆಡಿದ ಮಾತು ಅದರಲ್ಲಿದೆ: "ಮುದುಕಿಗೆ ದನೀನ ಇಲ್ಲ. ಏನಂತ ಕೂಗತಾಳ?"

ನಮ್ಮ ಕಾಲದ ಸರ್ಕಲ್ಲುಗಳಲ್ಲಿ ಪ್ರತಿಮೆಗಳಿಲ್ಲ, ನುಡಿಗಂಬಗಳಿವೆ. ಊರಿನ ಹಿರಿಯರ ಧ್ವನಿ ದಿನಕ್ಕೊಮ್ಮೆ ಅವುಗಳಿಂದ ಕೇಳುತ್ತದೆ. ಗುಡುಗಿನ ಸ್ಥಾಪಕರೆಂದು ನಿಮಗೂ ಒಂದು ಕಂಬವಿತ್ತು. ಅದರಲ್ಲಿದ್ದ ನಿಮ್ಮ ಭಾಷಣ ತೆಗೆದು ಆ ಫೋನಿನ ಮಾತು ಹಾಕಿದೆ. ಮೊದಲ ಬೆಳಿಗ್ಗೆ ಹೂವಿನವರು, ಬಸ್ಸಿಗೆ ಕಾದವರು ನಿಂತಲ್ಲೇ ನಿಂತರು. ಆ ಮುದುಕಿ ಯಾರು, ಗುಡುಗು ಯಾರದು ಎಂದು ವಾರದೊಳಗೆ ಇಡೀ ಊರಿಗೆ ಗೊತ್ತಾಯಿತು.

ಆಮೇಲೆ ನಿಮ್ಮ ವಂಶದ ವೈಜಯಂತಿ ದನಿಮನೆಗೆ ಬಂದಳು. "ಅಕ್ಕಾರ, ನನ್ನ ಮಗಳು ಸಾಲಿಗೆ ಒಲ್ಲೆ ಅಂತ ಅಳತಾಳ್ರಿ. ಅದನ್ನ ತಗೀರಿ," ಎಂದಳು. ಅವಳ ತಪ್ಪೇನೂ ಇರಲಿಲ್ಲ. ಆದರೂ "ಬೇಕಾದರ ಮನಿ ಹೆಸರು ಬದಲಿಸ್ಕೋರಿ. ಕಂಬದ ಮಾತು ನಿಲ್ಲಂಗಿಲ್ಲ," ಎಂದೆ. ಬದಲಿಸಿಕೊಂಡರು. ಹಂಚಿನಾಳ ಎಂಬ ನಿಮ್ಮ ಮನೆತನದ ಹೆಸರು ಈಗ ಆ ಕಂಬದ ಮೇಲೆ ಮಾತ್ರ ಇದೆ.

ನೀವು ಇದನ್ನು ಓದುವಾಗ ಎಸ್ತೇರ ಬದುಕಿರುತ್ತಾಳೆ, ನಿಮ್ಮ ಮನೆಯಿಂದ ಎರಡೇ ಓಣಿ ಆಚೆ. ಹೋಗಿ ಕಾಲು ಹಿಡಿಯಿರಿ. ಅವಳು ಕ್ಷಮಿಸಿದರೂ ಕ್ಷಮಿಸಿಯಾಳು, ಅವಳ ಮನಸ್ಸು ದೊಡ್ಡದು.

ನನ್ನದು ಅಷ್ಟು ದೊಡ್ಡದಲ್ಲ.

ರೂತ್ ಕಟ್ಟಿಮನಿ